ಪರಿಹಾಸಚಿತ್ರವೊಂದರಲ್ಲಿ ರಂಗವೇಷದ ಸಾಕ್ಷ್ಯ

ಲಂಡನ್ನಿನಲ್ಲಿ 1723ರ ಸುಮಾರಿಗೆ ತಾಮ್ರದ ತಗಡಿನಿಂದ ಅಚ್ಚಾದ ಚಿತ್ರವೊಂದುಂಟು. ಆಪೆರಾ ಎಂಬ ಗೀತನಾಟಕದ ಮೂವರು ಗಾಯಕರು ಅದರಲ್ಲಿ ರಂಗವೇಷದಿಂದ ನಿಂತಿರುವರು: ಎಡಗಡೆ ಸೆನೆಸಿನೋ, ಬಲಗಡೆ ಬೆರೆನ್‌ಸ್ಟಾಟ್, ನಡುವೆ ಫ್ರಾಂಚೆಸ್ಕಾ ಕುಟ್ಸೋನಿ. ಜಾನ್ ವಾಂಡರ್‌ಬ್ಯಾಂಕನ ಕೃತಿಯೆಂದು ಹೇಳುವುದು ವಾಡಿಕೆ. ಹ್ಯಾಂಡೆಲನ ‘ಫ್ಲಾವಿಯೋ’ ನಾಟಕದ ದೃಶ್ಯವಿದೆಂದು ಹಲವರು ಗುರುತಿಸುವರು. ಆ ನಾಟಕವು 1723ರ ಮೇ 14ರಂದು ಹೇಮಾರ್ಕೆಟ್ಟಿನ ಕಿಂಗ್ಸ್ ಥಿಯೇಟರಿನಲ್ಲಿ ಮೊದಲು ನಡೆಯಿತು. ಈ ಮೂವರೂ ಅದರಲ್ಲಿ ಹಾಡಿದರು.

ಇದು ಭಾವಚಿತ್ರವಲ್ಲ, ಪರಿಹಾಸ. ಗಂಡಸರಿಬ್ಬರೂ ತಾಳೆಮರಗಳಂತೆ ಬೆಳೆದಿರುವರು. ನಾಯಿಕೆಯು ಅವರ ನಡುವೆ ಕುಬ್ಜೆಯಾಗಿ ಕಾಣುವಳು. ಆದುದರಿಂದ ವೇಷಭೂಷಣದ ಚರಿತ್ರೆಗೆ ಇದನ್ನು ಪ್ರಮಾಣವಾಗಿ ಹಿಡಿಯಬಾರದೆಂಬ ಆಕ್ಷೇಪವು ಸಹಜವೇ. ಆದರೆ ಅತಿಶಯೋಕ್ತಿಗೂ ಒಂದು ಆಧಾರ ಬೇಕಷ್ಟೆ. ಬಾಲಕಂಠವನ್ನು ಉಳಿಸಲು ಎಳೆತನದಲ್ಲಿಯೇ ಪುಂಸ್ತ್ವವನ್ನು ಕಳೆದ ಕಾಸ್ಟ್ರಾಟೋ ಗಾಯಕರಲ್ಲಿ ಎಲುಬಿನ ಬೆಳವಣಿಗೆ ತಡವಾಗಿ ನಿಲ್ಲುತ್ತಿದ್ದುದರಿಂದ ಅನೇಕರು ನಿಜವಾಗಿಯೂ ನೀಳಕಾಯರಾಗುತ್ತಿದ್ದರು. ಕುಟ್ಸೋನಿ ಗಿಡ್ಡಳೆಂದೂ ದಪ್ಪನೆಯವಳೆಂದೂ ಹೊರೇಸ್ ವಾಲ್ಪೋಲನ ಮಾತಿನ ಆಧಾರದಿಂದ ಬರ್ನಿ ತನ್ನ ಸಂಗೀತಚರಿತ್ರೆಯಲ್ಲಿ ಬರೆದಿರುವನು. ಚಿತ್ರಕಾರನು ಇದ್ದುದನ್ನೇ ಹಿಗ್ಗಿಸಿದನು.

ಉಡುಪಿನ ಮಾತು ಬೇರೆ. ಫ್ಲಾವಿಯೋ ಲೊಂಬಾರ್ಡರ ಅರಸು. ಆದರೂ ಚಿತ್ರದ ಗಂಡಸರು ತೊಟ್ಟಿರುವುದು ರೋಮನ್ ಯೋಧರ ಮಾದರಿಯ ಕವಚ, ಗಡುಸಾದ ಗಿಡ್ಡ ಲಂಗ. ಪಕ್ಕದಲ್ಲಿಯೇ ನಾಯಿಕೆಯು ಬಳೆಕಟ್ಟಿನಿಂದ ಅಗಲವಾಗಿ ಹರಡಿದ, ಅಂದಿನ ಕುಲೀನ ಸ್ತ್ರೀಯರ ನಿಲುವಂಗಿಯಲ್ಲಿರುವಳು. ಒಂದೇ ರಂಗದ ಮೇಲೆ ಎರಡು ಕಾಲಗಳು! ಇದು ಚಿತ್ರಕಾರನ ಕುಚೋದ್ಯವಲ್ಲ, ಆ ಕಾಲದ ರಂಗಸಂಪ್ರದಾಯ. ಗಾಯಕರನ್ನು ಕಣ್ಣಾರೆ ಕಂಡವರಿಗಾಗಿ ಬರೆದ ಚಿತ್ರದಲ್ಲಿ ಉಡುಪನ್ನೂ ಕೆಡಿಸಿದ್ದರೆ ಇವರು ಯಾರೆಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ, ನಗೆಯೂ ಹುಟ್ಟುತ್ತಿರಲಿಲ್ಲ. ದೇಹದಲ್ಲಿ ಸುಳ್ಳಾಡಬೇಕಾದುದರಿಂದಲೇ ಬಟ್ಟೆಯಲ್ಲಿ ಅವನು ನಿಜವಾಡಿರುವನೆಂದು ನನ್ನ ಅಭಿಪ್ರಾಯ.

ಇದಕ್ಕೆ ಇನ್ನೊಂದು ಕಡೆಯಿಂದಲೂ ಬೆಂಬಲವುಂಟು. 1725ರಲ್ಲಿ ಕುಟ್ಸೋನಿ ‘ರೊಡೆಲಿಂಡಾ’ ನಾಟಕದಲ್ಲಿ ಬೆಳ್ಳಿಯ ಅಂಚಿನ ಕಂದು ರೇಷ್ಮೆಯ ನಿಲುವಂಗಿಯನ್ನುಟ್ಟು ಬಂದಳು. ಮುದುಕಿಯರು ಅಸಭ್ಯವೆಂದು ಮೂಗು ಮುರಿದರು. ಯುವತಿಯರು ಅದನ್ನೇ ಫ್ಯಾಷನ್ ಮಾಡಿಕೊಂಡರೆಂದು ಬರ್ನಿಯ ಅದೇ ಗ್ರಂಥದಿಂದ ತಿಳಿಯುತ್ತದೆ. ರೊಡೆಲಿಂಡಾಳೂ ಲೊಂಬಾರ್ಡರ ರಾಣಿಯೇ. ನಾಯಿಕೆಯ ಉಡುಪು ಪ್ರೇಕ್ಷಕರ ಉಡುಪಿನ ಜಾತಿಯದೇ ಆಗಿರದಿದ್ದರೆ ಹೀಗೆ ರಂಗದಿಂದ ಬೀದಿಗೆ ಇಳಿಯುತ್ತಿರಲಿಲ್ಲ. ಸೆನೆಸಿನೋನ ರೋಮನ್ ಲಂಗವನ್ನುಟ್ಟು ಲಂಡನ್ನಿನ ಗೃಹಸ್ಥನಾರೂ ಹೊರಟಿರಲಾರನು.

ಬಣ್ಣದ ವಿಷಯದಲ್ಲಿ ಮಾತ್ರ ನಮ್ಮ ಚಿತ್ರವು ಮೂಕ. ಕಪ್ಪು ಗೆರೆಗಳಿಂದ ಅಂಗಿಯ ಆಕಾರವನ್ನು ಅರಿಯಬಹುದು. ರೇಷ್ಮೆಯ ಕಂದನ್ನೂ ಬೆಳ್ಳಿಯ ಮಿಂಚನ್ನೂ ಬರ್ನಿಯ ಪುಟದಲ್ಲಿಯೇ ನೋಡಬೇಕು.