ಅಂಡಾಣುವಿನ ಪಕ್ವತೆ

ಅಂಡಾಣುವಿನ ಪಕ್ವತೆ ಎಂದರೆ ಅಂಡಾಣುವು ವೀರ್ಯಾಣುವಿನೊಡನೆ ಕೂಡಿ ಭ್ರೂಣವಾಗಿ ಬೆಳೆಯುವ ಸಾಮರ್ಥ್ಯವನ್ನು ಪಡೆದಿರುವ ಸ್ಥಿತಿ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ದೊರೆತ ಅಂಡಾಣುಗಳ ಒಟ್ಟು ಸಂಖ್ಯೆಯಷ್ಟೇ ಅಲ್ಲ, ಅವುಗಳಲ್ಲಿ ಪಕ್ವವಾದವು ಎಷ್ಟು ಎಂಬುದೂ ಮುಖ್ಯವಾಗಿದೆ.

ಕೋಶಕೇಂದ್ರದ ಪಕ್ವತೆ

ಹೆಣ್ಣು ಶಿಶು ಗರ್ಭದಲ್ಲಿರುವಾಗಲೇ ಅದರ ಅಂಡಾಣುಗಳಲ್ಲಿ ಮಿಯಾಸಿಸ್ ಎಂಬ ಕೋಶವಿಭಜನೆ ಆರಂಭವಾಗಿ ನಡುವೆಯೇ ಸ್ಥಗಿತಗೊಳ್ಳುತ್ತದೆ. ವರ್ಷಗಳ ಬಳಿಕ ಎಲ್‌ಎಚ್ ಹಾರ್ಮೋನಿನ ಏರಿಕೆಯಿಂದ ಅದು ಮುಂದುವರಿಯುತ್ತದೆ. ಅಂಡಾಣುವು ಮೊದಲನೆಯ ಧ್ರುವಕಾಯವೆಂಬ ಸಣ್ಣ ಕೋಶವನ್ನು ಹೊರಹಾಕಿ, 23 ವರ್ಣತಂತುಗಳನ್ನು ಉಳಿಸಿಕೊಂಡಾಗ ಪಕ್ವವೆನಿಸುತ್ತದೆ. ಇದಕ್ಕೆ ಸುಮಾರು 36 ಗಂಟೆಗಳು ಬೇಕೆಂಬುದನ್ನು ಬ್ರಿಟನ್ನಿನ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ 1960ರ ದಶಕದಲ್ಲಿ ತೋರಿಸಿದರು. ಆದ್ದರಿಂದಲೇ ಚಿಕಿತ್ಸೆಯಲ್ಲಿ ಎಚ್‌ಸಿಜಿ ಚುಚ್ಚುಮದ್ದು ನೀಡಿದ 34ರಿಂದ 36 ಗಂಟೆಗಳ ನಂತರ ಅಂಡಾಣುಗಳನ್ನು ಹೊರತೆಗೆಯಲಾಗುತ್ತದೆ.

ಕೋಶದ್ರವ್ಯದ ಪಕ್ವತೆ

ಭ್ರೂಣದ ಸ್ವಂತ ವಂಶವಾಹಿಗಳು ಮುಖ್ಯವಾಗಿ ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ ಸಕ್ರಿಯವಾಗುತ್ತವೆ. ಅಲ್ಲಿಯವರೆಗಿನ ಬೆಳವಣಿಗೆಗೆ ಅಂಡಾಣುವಿನಲ್ಲಿ ಸಂಗ್ರಹವಾಗಿರುವ ಆರ್‌ಎನ್‌ಎ, ಪ್ರೋಟೀನು ಹಾಗೂ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳೇ ಆಧಾರ. ಈ ಸಂಗ್ರಹವು ಅಪೂರ್ಣವಾಗಿದ್ದರೆ ಫಲೀಕರಣವಾದರೂ ಭ್ರೂಣದ ಬೆಳವಣಿಗೆ ಮೊದಲ ದಿನಗಳಲ್ಲಿಯೇ ನಿಲ್ಲಬಹುದು. ಧ್ರುವಕಾಯವು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಕೋಶದ್ರವ್ಯದ ಸಿದ್ಧತೆಯನ್ನು ಹಾಗೆ ನೋಡಿ ನಿರ್ಧರಿಸಲಾಗದು. ಆದಕಾರಣ ಪಕ್ವವಾಗಿ ಕಂಡ ಎಲ್ಲ ಅಂಡಾಣುಗಳೂ ಉತ್ತಮ ಭ್ರೂಣಗಳಾಗುವುದಿಲ್ಲ.

ಅಪಕ್ವ ಅಂಡಾಣುಗಳು

ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನದಲ್ಲಿ ಸಾಮಾನ್ಯವಾಗಿ ಪಕ್ವ ಅಂಡಾಣುಗಳನ್ನು ಮಾತ್ರ ಬಳಸುತ್ತಾರೆ. ಅಪಕ್ವವಾದವುಗಳನ್ನು ಪ್ರಯೋಗಾಲಯದಲ್ಲಿ ಪಕ್ವಗೊಳಿಸುವ ವಿಧಾನವೂ ಇದೆ. ಆದರೆ ಅಲ್ಲಿ ಕೋಶಕೇಂದ್ರವು ಪಕ್ವವಾದರೂ ಕೋಶದ್ರವ್ಯವು ಹಿಂದುಳಿಯುವ ಸಾಧ್ಯತೆಯಿರುತ್ತದೆ.