ಚೀಲ ನೋಡ್ಕೊಳ್ಳೋರು ಯಾರು?

ಹೊರದೇಶದಲ್ಲಿ ಒಬ್ಬಳೇ ತಿರುಗಾಡುವಾಗ ಎಂತ ಕಷ್ಟ ಎಂದು ಊರಿಗೆ ಬಂದಾಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಶೌಚಾಲಯದ ವಿಚಾರ. ಕೇಳಿದವರು ನಗುತ್ತಾರೆ. ಆದರೆ ಸಾಗರದ ಬಸ್ ನಿಲ್ದಾಣದಲ್ಲಿ ಪಕ್ಕದವರಿಗೆ "ಸ್ವಲ್ಪ ಚೀಲ ನೋಡ್ತಿರಿ ಅಕ್ಕ" ಅಂದರೆ ಮುಗಿಯಿತು. ನಾನು ವಾಪಸ್ ಬರುವಷ್ಟರಲ್ಲಿ ಅವರು ಚೀಲವನ್ನು ತಮ್ಮ ಕಾಲ ಬಳಿಗೆ ಎಳೆದುಕೊಂಡು, ನಾನು ಯಾರ ಮನೆಯವಳೆಂದು ಕೇಳಲು ಕಾಯುತ್ತಿರುತ್ತಾರೆ. ಜರ್ಮನಿಯ ನಿಲ್ದಾಣದಲ್ಲಿ ಹೇಳುವವರು ಕೇಳುವವರಿಲ್ಲದ ಚೀಲ ಕಂಡರೆ ಪೊಲೀಸರು ಬರುತ್ತಾರೆ. ಪ್ಲಾಟ್‌ಫಾರ್ಮನ್ನೇ ಖಾಲಿ ಮಾಡಿಸುವುದೂ ಉಂಟು. ಹಾಗಾಗಿ ದುಡ್ಡು ಕೊಟ್ಟು ತೂರುವ ಶೌಚಾಲಯದ ಇಕ್ಕಟ್ಟಿನ ಗೇಟಿನಲ್ಲಿ ಪೆಟ್ಟಿಗೆಯೂ ನನ್ನ ಜೊತೆಗೇ ತೂರಬೇಕು. ಈಗ ನನ್ನ ಸಾಮಾನೆಲ್ಲ ಬೆನ್ನಿಗೆ ಹತ್ತುವಷ್ಟೇ.

ನಾನು ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯವಳು. ಓದಿದ್ದು ಸಾಗರದಲ್ಲಿ, ಅಜ್ಜನ ಮನೆ ತೀರ್ಥಹಳ್ಳಿ ಹತ್ತಿರ, ಕೆಲಸ ನ್ಯೂರೆಂಬರ್ಗ್‌ನಲ್ಲಿ. ಈ ಮೂರೂ ತಾಲ್ಲೂಕುಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ ತೋಟದ ಮನೆಗಳು ಈಗ ಅಪರೂಪವಲ್ಲ. ಆ ಮಕ್ಕಳು ರಜೆಯಲ್ಲಿ ಎಲ್ಲಿಗೆ ಹೋದರು ಎಂಬುದು ಮನೆಯವರಿಗೆ ಫೋಟೋಗಳಿಂದ ಗೊತ್ತಾಗುತ್ತದೆ. ನನ್ನ ಅಮ್ಮನಿಗೆ ಫೋಟೋದಲ್ಲಿರುವ ಅರಮನೆಗಿಂತ "ಇದನ್ನ ತೆಗ್ದಿದ್ದು ಯಾರೇ?" ಎಂಬುದೇ ದೊಡ್ಡ ಪ್ರಶ್ನೆ.

ಪ್ಯಾಕೇಜ್ ಟೂರಿನಲ್ಲಿ ಹೋಗಿಬರುವುದಕ್ಕೂ ಅಲ್ಲಿದ್ದುಕೊಂಡು ತಿರುಗುವುದಕ್ಕೂ ವ್ಯತ್ಯಾಸ ಬಹಳ. ಜರ್ಮನಿಯ ವಾಸದ ಪರವಾನಗಿ ಇದ್ದವರು ಷೆಂಗೆನ್ ಒಪ್ಪಂದದ ಉಳಿದ ದೇಶಗಳಿಗೆ ಬೇರೆ ವೀಸಾ ಇಲ್ಲದೆ ಹೋಗಬಹುದು. ಯಾವುದೇ 180 ದಿನಗಳಲ್ಲಿ 90 ದಿನ ಮೀರಬಾರದು, ಪಾಸ್‌ಪೋರ್ಟು ಮತ್ತು ಪರವಾನಗಿಯ ಕಾರ್ಡು ಎರಡೂ ಕೈಯಲ್ಲಿರಬೇಕು. ಬ್ರಿಟನ್ನಿಗೆ, ಐರ್ಲೆಂಡಿಗೆ ಇದು ನಡೆಯುವುದಿಲ್ಲ, ಮತ್ತೆ ವೀಸಾಕ್ಕೆ ಅರ್ಜಿ ಹಾಕಬೇಕು. ರೈಲು ಪಾಸಿನಲ್ಲೂ ಎರಡು ಬಗೆ: ಹೊರಗಿನಿಂದ ಬರುವ ಪ್ರವಾಸಿಗಳಿಗೆ ಯೂರೇಲ್, ಯುರೋಪಿನಲ್ಲೇ ವಾಸವಿರುವವರಿಗೆ, ಅವರದು ಭಾರತದ ಪಾಸ್‌ಪೋರ್ಟಾದರೂ, ಇಂಟರ್‌ರೇಲ್. ಜರ್ಮನಿಯೊಳಗೆ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ತಿಂಗಳ ಟಿಕೆಟ್ಟಿದೆ. ದರ ಆಮೇಲೆ ಏರಿದರೂ ಪ್ಯಾಸೆಂಜರ್ ರೈಲುಗಳಲ್ಲಿ, ಊರೊಳಗಿನ ಬಸ್ಸುಗಳಲ್ಲಿ ದೇಶವಿಡೀ ನಡೆಯುತ್ತದೆ. ಶನಿವಾರ ಬೆಳಗ್ಗೆ ಎದ್ದು, ಯಾರನ್ನೂ ಕೇಳದೆ, ಯಾವುದೋ ರೈಲು ಹತ್ತಿಬಿಡಬಹುದು.

ಈ 'ಯಾರನ್ನೂ ಕೇಳದೆ' ಎಂಬುದರ ರುಚಿ ಮಲೆನಾಡಿನ ಮನೆಯಲ್ಲಿ ಬೆಳೆದವರಿಗೆ ಬೇರೆಯೇ. ನಮ್ಮಲ್ಲಿ ರವಿಕೆ ಬಟ್ಟೆ ತರಲು ಪೇಟೆಗೆ ಹೊರಟರೂ ಜೊತೆಗೆ ಇಬ್ಬರು ಸೇರಿಕೊಳ್ಳುತ್ತಾರೆ. ಒಬ್ಬರಿಗೆ ಬಸ್ಸಿನಲ್ಲಿ ವಾಂತಿ, ಇನ್ನೊಬ್ಬರು ಮೂರು ಗಂಟೆಯೊಳಗೆ ಹಾಲು ಕರೆಯಲು ವಾಪಸಾಗಬೇಕು. ನಾರ್ವೆಯ ಬರ್ಗೆನ್‌ನಲ್ಲಿ ನಾನು ಒಂದಿಡೀ ಮಧ್ಯಾಹ್ನ ಬಂದರಿನ ಮಾಡಿನಡಿ ಕೂತು ಮಳೆ ನೋಡಿದೆ. ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ಅದು, ಯುರೋಪಿನಲ್ಲಿ ಮಳೆಗೆ ಹೆಸರುವಾಸಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಇಷ್ಟು ದುಡ್ಡು ಸುರಿದು ಮಳೆ ನೋಡಲು ಬಂದೆಯಾ ಎಂದು ಬಯ್ಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ಮಳೆ ಅಂದರೆ ಅಡಿಕೆಯ ಕೊಳೆರೋಗ, ಬೋರ್ಡೋ ದ್ರಾವಣ, ಔಷಧಿ ಹೊಡೆಯುವ ಕೊನೆಗಾರ ಸಿಗಲಿಲ್ಲ ಎಂಬ ಅಪ್ಪನ ತಲೆಬಿಸಿ. ಮಳೆಯನ್ನು ಬರೀ ಮಳೆಯಾಗಿ ನೋಡಿದ್ದು ಬರ್ಗೆನ್‌ನಲ್ಲೇ ಇರಬೇಕು.

ದುಬಾರಿ ಎಂಬುದಂತೂ ನಿಜ. ಹೋಟೆಲ್ ಕೋಣೆಯ ಬಾಡಿಗೆ ಇಬ್ಬರಿದ್ದರೆ ಹಂಚಿಹೋಗುತ್ತದೆ, ಒಬ್ಬಳಿದ್ದರೆ ಇಡೀ ಮೈಮೇಲೆ. ಹಾಸ್ಟೆಲ್ಲುಗಳಲ್ಲಿ ಹೆಂಗಸರದ್ದೇ ಕೋಣೆ ಕೇಳಿ ಒಂದು ಮಂಚ ಹಿಡಿಯಬಹುದು. ಮ್ಯೂನಿಕ್‌ನಿಂದ ರೋಮ್‌ಗೆ ಹೋಗುವ ರಾತ್ರಿ ರೈಲಿನಲ್ಲೂ ಹೆಂಗಸರ ಕಂಪಾರ್ಟ್‌ಮೆಂಟ್ ಕೇಳಿ ಬುಕ್ ಮಾಡಬಹುದು. ತಾಳಗುಪ್ಪ–ಮೈಸೂರು ರಾತ್ರಿ ರೈಲಿಗೂ ಇದಕ್ಕೂ ವ್ಯತ್ಯಾಸ ಒಂದೇ: ಇಲ್ಲಿ ಯಾರೂ ಚಪಾತಿ ಪಲ್ಯದ ಡಬ್ಬಿ ಬಿಚ್ಚಿ "ತಗೊಳ್ಳಿ" ಅನ್ನುವುದಿಲ್ಲ.

ಊಟದ ಹೊತ್ತು ಹಾಗೆ ನೋಡಿದರೆ ದಿನದ ಅತಿ ಕೆಟ್ಟ ಹೊತ್ತು. ಹಗಲಿಡೀ ಒಬ್ಬಳೇ ಇದ್ದೇನೆ ಎನ್ನುವುದು ಗೊತ್ತೇ ಆಗುವುದಿಲ್ಲ. ರಾತ್ರಿ ಹೋಟೆಲ್ ಬಾಗಿಲಲ್ಲಿ ಎಷ್ಟು ಜನ ಎಂದು ಕೇಳುತ್ತಾರೆ ನೋಡಿ, ಆಗ ಗೊತ್ತಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ, ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು. ಮಧ್ಯಾಹ್ನ ಆಫೀಸಿನವರೂ ಒಬ್ಬೊಬ್ಬರೇ ಕೂತು ತಿನ್ನುತ್ತಿರುತ್ತಾರೆ.

ಕಾಯಿಲೆ ಬಿದ್ದರೆ? ವಿಯೆನ್ನಾದಲ್ಲಿ ಒಂದು ಭಾನುವಾರ ಹೊಟ್ಟೆ ಕೆಟ್ಟು ಮಲಗಿದ್ದೆ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್. ಊರಲ್ಲಾಗಿದ್ದರೆ ಅಮ್ಮ ಜೀರಿಗೆ ಕಷಾಯ ಹಿಡಿದು ನಿಂತಿರುತ್ತಿದ್ದಳು, ಕೇಳದೇ ಬಂದ ನಾಲ್ಕು ಜನ ನಾಲ್ಕು ಮದ್ದು ಹೇಳುತ್ತಿದ್ದರು. ಅಲ್ಲಿ ನನಗೆ ಉಪಕಾರಕ್ಕೆ ಬಂದದ್ದು ಮುಚ್ಚಿದ ಔಷಧಿ ಅಂಗಡಿಯ ಬಾಗಿಲಿನ ಚೀಟಿ. ಆಸ್ಟ್ರಿಯಾ, ಜರ್ಮನಿಗಳಲ್ಲಿ ಔಷಧಿ ಅಂಗಡಿಗಳು ಸರದಿಯ ಮೇಲೆ ರಾತ್ರಿ ಮತ್ತು ರಜಾದಿನದ ಪಾಳಿ ಮಾಡುತ್ತವೆ; ಆ ದಿನ ಯಾವುದು ತೆರೆದಿದೆ ಎಂದು ಮುಚ್ಚಿದ ಅಂಗಡಿಗಳ ಮೇಲೂ ಬರೆದಿರುತ್ತದೆ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡಿನ ಹಿಂಬದಿಯೇ ಯುರೋಪಿನ ಕಾರ್ಡು, ಆಸ್ಟ್ರಿಯಾದಲ್ಲಿ ಅದು ನಡೆಯುತ್ತದೆ. ಆದರೆ ಭಾರತದ ಪಾಸ್‌ಪೋರ್ಟಿನವರು ನಾರ್ವೆಗೋ ಸ್ವಿಟ್ಜರ್ಲೆಂಡಿಗೋ ಹೊರಡುವ ಮೊದಲು ವಿಮೆಯವರನ್ನು ಕೇಳಿಕೊಳ್ಳಬೇಕು, ಬೇಕಾದರೆ ಬೇರೆ ಪ್ರವಾಸ ವಿಮೆ ಮಾಡಿಸಬೇಕು. ತುರ್ತಿಗೆ 112, ಯುರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲೂ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತದ ರಾಯಭಾರ ಕಚೇರಿ. ಈ ಮಾಹಿತಿಯನ್ನೆಲ್ಲ ಒಂದು ಕಾಗದದಲ್ಲಿ ಬರೆದು ಚೀಲದೊಳಗೆ ಇಟ್ಟುಕೊಂಡಿದ್ದೇನೆ. ಫೋನಿನ ಚಾರ್ಜು ಮುಗಿಯುವುದು ಯಾವಾಗಲೂ ಬೇಕಾದ ಹೊತ್ತಿಗೇ.

ಭಯದ ಬಗ್ಗೆ ಕೇಳಿದರೆ, ಕತ್ತಲಾದ ಮೇಲೆ ಹೊಸ ಊರಿಗೆ ಇಳಿಯದಂತೆ ರೈಲು ಆರಿಸುತ್ತೇನೆ, ಟಿಕೆಟ್ಟಿನ ಚಿತ್ರವನ್ನು ಒಬ್ಬಳು ಗೆಳತಿಗೆ ಕಳಿಸಿರುತ್ತೇನೆ. ಊರಲ್ಲಿ ಇದೆಲ್ಲ ಬೇಕಿರಲಿಲ್ಲ, ಶಿವಮೊಗ್ಗದಿಂದ ನಗರಕ್ಕೆ ಬರುವ ಕೊನೆಯ ಬಸ್ಸಿನ ಕಂಡಕ್ಟರಿಗೆ ನಾನು ಯಾರ ಮಗಳೆಂದು ಗೊತ್ತಿತ್ತು. ಹದಿನೆಂಟರಲ್ಲಿ ಅದು ಹಿಂಸೆ ಅನ್ನಿಸುತ್ತಿತ್ತು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು: ಏನಾದರೂ ಕಂಡಾಗ ಆ ಕ್ಷಣಕ್ಕೆ ಹೇಳಿಕೊಳ್ಳಲು ಜನ ಇಲ್ಲದಿರುವುದು. ಒಂದು ಡಿಸೆಂಬರಿನಲ್ಲಿ ರೋಮ್‌ಗೆ ಹೋದದ್ದು ಪಿಯೆತ್ರೊ ದೆಲ್ಲಾ ವಾಲೆ ಎಂಬವನಿಗಾಗಿ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ ಈ ರೋಮಿನವನು ಪೂರ್ವದ ದೇಶಗಳಲ್ಲಿ ಹನ್ನೆರಡು ವರ್ಷ ಕಳೆದ. 1623ರಲ್ಲಿ ಗೋವಾದಲ್ಲಿದ್ದವನು ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಹೊಳೆಯಲ್ಲಿ ದೋಣಿಯೇರಿ, ಘಟ್ಟ ಹತ್ತಿ ನಮ್ಮ ಸಾಗರದ ಇಕ್ಕೇರಿಗೆ ಬಂದ. ಆಗ ಇಕ್ಕೇರಿ ಕೆಳದಿಯ ವೆಂಕಟಪ್ಪ ನಾಯಕನ ರಾಜಧಾನಿ. ದಾರಿಯ ದೇವಸ್ಥಾನವೊಂದರ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತ, ರಾಗವಾಗಿ ಲೆಕ್ಕ ಹೇಳುತ್ತಿದ್ದುದನ್ನು ಕೂತು ನೋಡಿದ. ಆಮೇಲೆ ರಾಯಭಾರಿಯನ್ನು ಇಕ್ಕೇರಿಯಲ್ಲೇ ಬಿಟ್ಟು ತನ್ನ ಪಾಡಿಗೆ ಮಂಗಳೂರಿನ ದಾರಿ ಹಿಡಿದ, ಉಳ್ಳಾಲದ ರಾಣಿಯನ್ನು ಕಂಡ. ಕಂಡದ್ದನ್ನೆಲ್ಲ ನೇಪಲ್ಸ್‌ನಲ್ಲಿದ್ದ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊಗೆ ಕಾಗದ ಬರೆದ. ಆ ಕಾಗದಗಳೇ ಪುಸ್ತಕವಾದವು.

ಅವನ ಸಮಾಧಿ ಇರುವ ಸಾಂತಾ ಮರಿಯಾ ಇನ್ ಅರಾಚೇಲಿ ಇಗರ್ಜಿಗೆ 124 ಮೆಟ್ಟಿಲು. ಹತ್ತಿ ಒಳಗೆ ಕೂತೆ. ಇವನು ನಮ್ಮೂರಿಗೆ ಬಂದವನು, ನಾನು ಇವನೂರಿಗೆ ಬಂದಿದ್ದೇನೆ ಎಂದು ಯಾರಿಗಾದರೂ ಹೇಳಬೇಕಲ್ಲ? ಪಕ್ಕದ ಬೆಂಚಿನ ಮುದುಕಿಯೊಬ್ಬಳಿಗೆ ನನ್ನ ಹರುಕು ಇಟಾಲಿಯನ್‌ನಲ್ಲಿ ಹೇಳಿದೆ. ಅವಳು ಪಾಪ, ತಲೆಯಾಡಿಸಿದಳು.

ಹೊರಗೆ ಬಂದು ಮನೆಗೆ ಫೋನು ಹಚ್ಚಿದೆ. ಅಲ್ಲಿ ರಾತ್ರಿ ಎಂಟು, ಅಡಿಕೆ ಸುಲಿಯುವ ಹೊತ್ತು. ಅಮ್ಮ ಸ್ಪೀಕರಿಗೆ ಹಾಕಿ ಜಗಲಿಯಲ್ಲಿಟ್ಟಳು. ಮೆಟ್ಟುಗತ್ತಿಯ ಸದ್ದಿನ ನಡುವೆ ಕಥೆಯನ್ನೆಲ್ಲ ಹೇಳಿದೆ. ಬಾಗ್ದಾದಿನಲ್ಲಿ ಅವನು ಮದುವೆಯಾದ ಹೆಂಡತಿ ಸಿತ್ತಿ ಮಾನಿ 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡದ್ದು, ಅವಳ ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತದ ಮೇಲಾಗಿ ರೋಮ್‌ಗೆ ಒಯ್ದದ್ದು, ಕೊನೆಗೆ ಇದೇ ಇಗರ್ಜಿಯಲ್ಲಿ ಮಣ್ಣು ಮಾಡಿದ್ದು.

ಸುಲಿಯಲು ಬಂದವರಲ್ಲಿ ಹಿರಿಯಾಕೆ ಸ್ವಲ್ಪ ಹೊತ್ತು ಕತ್ತಿ ನಿಲ್ಲಿಸಿದಳು. "ಹಂಗಾದ್ರೆ ಆ ಮಾರಾಯ ದೇಶ ತಿರುಗಿದ್ದು ಒಬ್ನೇ ಅಲ್ಲ ಬಿಡು" ಅಂದಳು. ಇನ್ನೊಬ್ಬಳು, "ಇಕ್ಕೇರಿಗೂ ತಂದಿದ್ನಾ ಪೆಟ್ಟಿಗೆನಾ?" ಎಂದು ಕೇಳಿದಳು. ಆ ಬಗ್ಗೆ ಜಗಲಿಯಲ್ಲಿ ಜೋರು ಚರ್ಚೆ ಹತ್ತಿತು. ಹೆಣ ತಂದಿದ್ದರೆ ನಾಯಕರ ಊರೊಳಗೆ ಬಿಡುತ್ತಲೇ ಇರಲಿಲ್ಲ ಎಂದು ಅಪ್ಪ ಒಳಗಿನಿಂದಲೇ ತೀರ್ಪು ಕೊಟ್ಟ.