ನಿಮಗಿದು ಗೊತ್ತೆ? ನಾಲ್ಕೂ ಟೈರ್ ಒಂದೇ ಸಮ ಸವೆಯಬೇಕು!

ಆಲ್-ವೀಲ್-ಡ್ರೈವ್ ಕಾರಿನಲ್ಲಿ ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಟೈರ್ 1 ಮಿ.ಮೀ. ಸವೆದರೆ ಅದರ ಸುತ್ತಳತೆ 6 ಮಿ.ಮೀ.ಗೂ ಹೆಚ್ಚು ತಗ್ಗುತ್ತದೆ. 2 ಮೀಟರ್ ಸುತ್ತಳತೆಯ ಟೈರ್ 3 ಮಿ.ಮೀ. ಸವೆದಿದೆ ಎನ್ನಿ, ಹೊಸದಕ್ಕಿಂತ ಅದು ಕಿಲೋಮೀಟರಿಗೆ ನಾಲ್ಕೈದು ಸುತ್ತು ಹೆಚ್ಚು ತಿರುಗಬೇಕು! ನೇರ ರಸ್ತೆಯಲ್ಲೂ ಈ ವ್ಯತ್ಯಾಸವನ್ನು ಬಿಡುವಿಲ್ಲದೆ ಸರಿದೂಗಿಸುವ ಡಿಫರೆನ್ಷಿಯಲ್, ಕ್ಲಚ್‌ಗಳು ಬಿಸಿಯೇರಿ ಸವೆಯುತ್ತವೆ. ಆ ರಿಪೇರಿಯ ಮುಂದೆ ಟೈರಿನ ಬೆಲೆ ಏನೇನೂ ಅಲ್ಲ. ಜಪಾನಿನ ಸುಬಾರು ಕಂಪನಿ ಒಪ್ಪುವ ಸುತ್ತಳತೆಯ ವ್ಯತ್ಯಾಸ ಬರೀ ಕಾಲು ಇಂಚು. ಆದ್ದರಿಂದ 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಟೈರ್‌ಗಳನ್ನು ಅದಲುಬದಲು ಮಾಡಿಸಿ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣವಿದ್ದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಇರಲಿ. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿದರೆ ಸಾಕು.